ಹಸ್ತಾಕ್ಷರವೆಂಬ ಸಾಕ್ಷಿ: ಅಮೆರಿಕದ ನಾಯಕರ ಹಳೆಯ ಪತ್ರಗಳ ಸಂಗ್ರಹ

ಆಡಿದ ಮಾತು ಗಾಳಿಗೆ ಸೇರುತ್ತದೆ. ಬರೆದು ಸಹಿ ಮಾಡಿದ ಮಾತು ಬರೆದವನನ್ನು ಬಿಡುವುದಿಲ್ಲ. ಆಡಿದ್ದನ್ನು ‘ನಾನು ಹಾಗೆಂದಿರಲೇ ಇಲ್ಲ’ ಎಂದು ಹಿಂತೆಗೆದುಕೊಳ್ಳಬಹುದು. ಆದರೆ ತನ್ನ ಕೈಯಿಂದಲೇ ಬರೆದು, ದಿನಾಂಕ ಕಾಣಿಸಿ, ಕೆಳಗೆ ತನ್ನ ಹೆಸರನ್ನಿರಿಸಿ ಕಳುಹಿಸಿದ ಪತ್ರವು ನೂರಾರು ವರ್ಷಗಳ ನಂತರವೂ ಎದ್ದುನಿಂತು ಸಾಕ್ಷಿ ನುಡಿಯುತ್ತದೆ. ಆಳುವವರ ವಿಷಯದಲ್ಲಂತೂ ಈ ಸಾಕ್ಷಿಗೆ ಬೆಲೆ ಹೆಚ್ಚು. ಅವರ ನುಡಿ ಏನಿತ್ತು, ನಡೆ ಏನಿತ್ತು ಎಂಬುದನ್ನು ಮುಂದಿನ ಪೀಳಿಗೆಯವರು ತೂಗಿ ನೋಡುವುದು ಇಂಥ ಕಾಗದಗಳಿಂದಲೇ.

ಅಂಚೆಚೀಟಿ, ಹಳೆಯ ನಾಣ್ಯಗಳನ್ನು ಕೂಡಿಡುವ ಹವ್ಯಾಸಿಗಳನ್ನು ನಮ್ಮ ಓದುಗರು ಬಲ್ಲರು. ಅಮೆರಿಕದಲ್ಲಿ ಸುಮಾರು ಇನ್ನೂರು ವರ್ಷಗಳಿಂದ ನಡೆದುಬಂದಿರುವ ಇನ್ನೊಂದು ಹವ್ಯಾಸವಿದೆ. ಆ ದೇಶದ ಅಧ್ಯಕ್ಷರು, ಸಂಸತ್ತಿನ ಸದಸ್ಯರು, ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಹಿರಿಯರು ಮೊದಲಾದವರ ಸಹಿಯುಳ್ಳ ಪತ್ರಗಳನ್ನು ಅರಸಿ ಸಂಗ್ರಹಿಸುವುದೇ ಆ ಹವ್ಯಾಸ. ಮೇಲ್ನೋಟಕ್ಕೆ ಇದು ಉಳ್ಳವರ ವಿನೋದವೆಂದು ತೋರೀತು. ಒಳಹೊಕ್ಕು ನೋಡಿದರೆ ಇದರಲ್ಲಿ ಶ್ರದ್ಧೆಯಿದೆ, ಲೋಭವಿದೆ, ಮೋಸವಿದೆ, ತ್ಯಾಗವೂ ಇದೆ. ಎಲ್ಲಕ್ಕಿಂತ ಮಿಗಿಲಾಗಿ, ಈ ಕಾಗದಗಳು ನಿಜವಾಗಿ ಯಾರ ಸೊತ್ತು ಎಂಬ ತೊಡಕಿನ ಪ್ರಶ್ನೆಯಿದೆ. ಈ ಲೇಖನದಲ್ಲಿ ಅದನ್ನು ಕೊಂಚ ವಿಚಾರ ಮಾಡೋಣ.

ಮಕ್ಕಳಿಗೆ ಬಂದ ಉತ್ತರ

ಅದು 1864ನೆಯ ಇಸವಿ. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ಅಧ್ಯಕ್ಷರಾಗಿದ್ದ ಅಬ್ರಹಾಂ ಲಿಂಕನ್ನರು 1863ರ ಜನವರಿ 1ರಂದು ಹೊರಡಿಸಿದ್ದ ವಿಮೋಚನಾ ಘೋಷಣೆಯು ದಂಗೆಯೆದ್ದ ಪ್ರದೇಶಗಳ ಗುಲಾಮರಿಗೆ ಮಾತ್ರ ಅನ್ವಯಿಸುತ್ತಿತ್ತು. ಉಳಿದ ಕೆಲವು ರಾಜ್ಯಗಳಲ್ಲಿ ಗುಲಾಮಗಿರಿ ಇನ್ನೂ ಕಾನೂನುಬದ್ಧವಾಗಿಯೇ ಇತ್ತು. ಆಗ ಮ್ಯಾಸಚೂಸೆಟ್ಸ್ ರಾಜ್ಯದ ಕಾಂಕರ್ಡ್ ಎಂಬ ಊರಿನ 195 ಬಾಲಕ ಬಾಲಕಿಯರು ಸೇರಿ ಅಧ್ಯಕ್ಷರಿಗೆ ಒಂದು ಮನವಿಯನ್ನು ಕಳುಹಿಸಿದರು. ದೇಶದಲ್ಲಿರುವ ಗುಲಾಮ ಮಕ್ಕಳನ್ನೆಲ್ಲ ಬಿಡುಗಡೆ ಮಾಡಿರಿ ಎಂಬುದೇ ಅವರ ಕೋರಿಕೆ. ಪ್ರಸಿದ್ಧ ಶಿಕ್ಷಣತಜ್ಞ ಹೊರೇಸ್ ಮ್ಯಾನ್ ಅವರ ವಿಧವೆ ಮೇರಿ ಮ್ಯಾನ್ ಅವರು ಅದನ್ನು ಲಿಂಕನ್ನರಿಗೆ ತಲುಪಿಸಿದರು.

ಯುದ್ಧದ ಭಾರವನ್ನು ಹೊತ್ತಿದ್ದ ಆ ಮನುಷ್ಯ ಅದನ್ನು ಗುಮಾಸ್ತರ ಮೇಜಿಗೆ ತಳ್ಳಲಿಲ್ಲ. ಏಪ್ರಿಲ್ 5ರಂದು ತಮ್ಮ ಕೈಯಿಂದಲೇ ಉತ್ತರ ಬರೆದರು. ಆ ಎಳೆಯ ಹೃದಯಗಳಲ್ಲಿ ಇಷ್ಟೊಂದು ನ್ಯಾಯಬುದ್ಧಿ, ಇಷ್ಟೊಂದು ಕರುಣೆ ತುಂಬಿರುವುದು ತಮಗೆ ಸಂತೋಷ ತಂದಿದೆಯೆಂದೂ, ಅವರು ಕೇಳಿದ್ದನ್ನೆಲ್ಲ ನೆರವೇರಿಸುವ ಅಧಿಕಾರ ತಮಗಿಲ್ಲವೆಂದೂ, ಆದರೆ ಆ ಶಕ್ತಿ ದೇವರಿಗಿದೆ, ಅವನ ಸಂಕಲ್ಪವೂ ಅದೇ ಆಗಿರುವಂತೆ ತೋರುತ್ತದೆ ಎಂಬುದನ್ನು ಮಕ್ಕಳು ಮರೆಯದಿರಲಿ ಎಂದೂ ತಿಳಿಸಿದರು. ಮರುವರ್ಷ, 1865ರ ಡಿಸೆಂಬರಿನಲ್ಲಿ, ಗುಲಾಮಗಿರಿಯನ್ನು ತೊಡೆದುಹಾಕುವ ಹದಿಮೂರನೆಯ ತಿದ್ದುಪಡಿ ಸಂವಿಧಾನಕ್ಕೆ ಸೇರಿತು. ಅದನ್ನು ಕಣ್ಣಾರೆ ನೋಡಲು ಲಿಂಕನ್ನರು ಉಳಿದಿರಲಿಲ್ಲ. ಆ ಏಪ್ರಿಲ್ ತಿಂಗಳಲ್ಲಿಯೇ ಹಂತಕನ ಗುಂಡಿಗೆ ಬಲಿಯಾಗಿದ್ದರು.

ಈ ಪತ್ರವು 2008ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಹರಾಜಿಗೆ ಬಂದಾಗ 34 ಲಕ್ಷ ಡಾಲರುಗಳಿಗೆ ಮಾರಾಟವಾಯಿತು. ಕಾಗದಕ್ಕೆ, ಮಸಿಗೆ ಇಷ್ಟು ಬೆಲೆಯೇ ಎಂದು ಯಾರಾದರೂ ಕೇಳಬಹುದು. ಬೆಲೆ ಬಂದದ್ದು ಕಾಗದಕ್ಕಲ್ಲ. ಅಧಿಕಾರದ ತುದಿಯಲ್ಲಿ ಕುಳಿತವನೊಬ್ಬನು ತನ್ನ ಮಿತಿಯನ್ನು ಮಕ್ಕಳ ಮುಂದೆ ಒಪ್ಪಿಕೊಂಡ ಆ ಪ್ರಾಮಾಣಿಕತೆಗೆ.

ಆದಿ ಸಂಗ್ರಾಹಕರು

ಈ ಹವ್ಯಾಸಕ್ಕೆ ಅಡಿಗಲ್ಲು ಇಟ್ಟವರಲ್ಲಿ ಪ್ರಮುಖರು ವಿಲಿಯಂ ಬ್ಯೂಯೆಲ್ ಸ್ಪ್ರೇಗ್ ಎಂಬ ಪಾದ್ರಿ. 1815ರಲ್ಲಿ ಯೇಲ್ ಕಾಲೇಜಿನಿಂದ ಪದವಿ ಪಡೆದ ಈ ತರುಣನು ವರ್ಜೀನಿಯಾದಲ್ಲಿ ಜಾರ್ಜ್ ವಾಷಿಂಗ್ಟನ್ನರ ಸೋದರಿಯ ಮಗನಾದ ಲಾರೆನ್ಸ್ ಲೂಯಿಸ್ ಅವರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದನು. ವಾಷಿಂಗ್ಟನ್ನರ ಕಾಗದಪತ್ರಗಳೆಲ್ಲ ಆಗ ಅವರ ತಮ್ಮನ ಮಗನೂ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೂ ಆಗಿದ್ದ ಬುಶ್ರಾಡ್ ವಾಷಿಂಗ್ಟನ್ ಅವರ ವಶದಲ್ಲಿದ್ದುವು. ಅವುಗಳಲ್ಲಿ ಬೇಕಾದುದನ್ನು ತೆಗೆದುಕೊಳ್ಳಲು ಸ್ಪ್ರೇಗ್ ಅನುಮತಿ ಬೇಡಿದರು. ಒಂದೇ ಷರತ್ತಿನ ಮೇಲೆ ಅನುಮತಿ ದೊರೆಯಿತು: ತೆಗೆದ ಪ್ರತಿಯೊಂದು ಪತ್ರದ ಜಾಗದಲ್ಲಿ ಅದರ ನಕಲನ್ನು ಬರೆದಿಡಬೇಕು. ಅವರು ಹೀಗೆ ಪಡೆದ ಪತ್ರಗಳು ಸುಮಾರು 1500.

ಸ್ಪ್ರೇಗ್ ಅವರದು ಪ್ರಾಮಾಣಿಕವಾದ ನಡೆ. ಕೇಳಿ ಪಡೆದರು, ಕೊಟ್ಟ ಮಾತಿನಂತೆ ನಕಲನ್ನೂ ಇರಿಸಿದರು. ಆದರೂ ಒಂದೆಡೆ ಕೂಡಿದ್ದ ಮಹಾಪುರುಷನೊಬ್ಬನ ಕಾಗದಗಳು ಅಂದಿನಿಂದ ಚದರತೊಡಗಿದವು ಎಂಬುದನ್ನು ಅಲ್ಲಗಳೆಯಲಾಗದು. ಸಂಗ್ರಹವೆಂಬುದು ಒಂದು ಕೈಯಿಂದ ಉಳಿಸುತ್ತದೆ, ಇನ್ನೊಂದು ಕೈಯಿಂದ ಚದರಿಸುತ್ತದೆ. ಈ ಹವ್ಯಾಸದ ಇಬ್ಬಂದಿತನ ಅದರ ಮೊದಲ ಹೆಜ್ಜೆಯಲ್ಲಿಯೇ ಇದೆ.

1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರು 56 ಮಂದಿ. ಅವರೆಲ್ಲರ ಹಸ್ತಾಕ್ಷರಗಳನ್ನೂ ಒಟ್ಟುಗೂಡಿಸುವುದು ಅಂದಿನ ಸಂಗ್ರಾಹಕರ ಪರಮ ಗುರಿಯಾಯಿತು. ಅದನ್ನು ಮೊದಲು ಪೂರೈಸಿದ ಕೀರ್ತಿಯೂ ಸ್ಪ್ರೇಗ್ ಅವರದೇ. ಈ ಗುರಿಗೆ ದೊಡ್ಡ ತೊಡಕಾದವರು ಜಾರ್ಜಿಯಾದ ಬಟನ್ ಗ್ವಿನೆಟ್. ಘೋಷಣೆಗೆ ಸಹಿ ಹಾಕಿದ ಮರುವರ್ಷವೇ, 1777ರ ಮೇ ತಿಂಗಳಲ್ಲಿ, ಲಾಕ್ಲನ್ ಮ್ಯಾಕಿಂಟಾಶ್ ಎಂಬ ಸೇನಾಧಿಕಾರಿಯೊಡನೆ ನಡೆದ ಪಿಸ್ತೂಲಿನ ದ್ವಂದ್ವಯುದ್ಧದಲ್ಲಿ ಗಾಯಗೊಂಡು ಅವರು ತೀರಿಕೊಂಡರು. ಆದುದರಿಂದ ಅವರ ಸಹಿಗಳು ದೊರೆಯುವುದೇ ಅಪರೂಪ. ಇದುವರೆಗೆ ಕಂಡುಬಂದಿರುವುದು ಐವತ್ತರ ಆಸುಪಾಸು ಮಾತ್ರ. 1927ರಲ್ಲಿ ಗ್ವಿನೆಟ್ಟರ ಸಹಿಯಿದ್ದ ಒಂದು ಪತ್ರವನ್ನು ಪ್ರಸಿದ್ಧ ಪುಸ್ತಕ ವ್ಯಾಪಾರಿ ರೋಸೆನ್‌ಬಾಕ್ ಅವರು 51,000 ಡಾಲರುಗಳಿಗೆ ಕೊಂಡರು. ಆ ಕಾಲಕ್ಕೆ ಅದು ಎಲ್ಲರನ್ನೂ ಬೆರಗುಗೊಳಿಸಿದ ಮೊತ್ತ.

ಇಲ್ಲೊಂದು ಮಾತನ್ನು ಗಮನಿಸಬೇಕು. ಗ್ವಿನೆಟ್ಟರಿಗಿಂತ ನೂರು ಪಾಲು ಹೆಚ್ಚು ದೇಶಸೇವೆ ಮಾಡಿದ ಹಿರಿಯರ ಪತ್ರಗಳು ಅದಕ್ಕಿಂತ ಎಷ್ಟೋ ಅಗ್ಗವಾಗಿ ಸಿಕ್ಕುತ್ತವೆ. ಸಂತೆಯು ತೂಗುವುದು ವಿರಳತೆಯನ್ನು, ಯೋಗ್ಯತೆಯನ್ನಲ್ಲ. 1841ರಲ್ಲಿ ಕೇವಲ 31 ದಿನ ಅಧ್ಯಕ್ಷರಾಗಿದ್ದು ತೀರಿಕೊಂಡ ವಿಲಿಯಂ ಹೆನ್ರಿ ಹ್ಯಾರಿಸನ್ನರು ಆ ಅವಧಿಯಲ್ಲಿ ಸಹಿ ಹಾಕಿದ ಕಾಗದಗಳಿಗೂ ಇದೇ ಕಾರಣದಿಂದ ಅಪಾರ ಬೆಲೆ.

ಸಹಿ ಮುಖ್ಯವೋ, ಸಂಗತಿ ಮುಖ್ಯವೋ?

ಸಂಗ್ರಾಹಕರು ಪತ್ರಗಳಲ್ಲಿ ದರ್ಜೆಗಳನ್ನು ಮಾಡುತ್ತಾರೆ. ಒಡಲೆಲ್ಲ ಸ್ವಹಸ್ತದಿಂದ ಬರೆದು ಸಹಿ ಹಾಕಿದ ಪತ್ರ ಮೊದಲನೆಯದು. ಕಾರ್ಯದರ್ಶಿಯಿಂದ ಬರೆಸಿ ತಾವು ಸಹಿ ಮಾತ್ರ ಹಾಕಿದ್ದು ಎರಡನೆಯದು. ಬೆರಳಚ್ಚು ಯಂತ್ರ ಬಂದ ಮೇಲೆ ಅದರಲ್ಲಿ ಬರೆಸಿ ಸಹಿ ಹಾಕಿದ್ದು ಮೂರನೆಯದು. ಸಂಸತ್ತಿನ ಸದಸ್ಯರಿಗೆ ಅಂಚೆಯ ಖರ್ಚಿಲ್ಲದೆ ಪತ್ರ ಕಳುಹಿಸುವ ಸವಲತ್ತಿತ್ತು. ಅದಕ್ಕಾಗಿ ಅವರು ಲಕೋಟೆಯ ಮೂಲೆಯಲ್ಲಿ ಸಹಿ ಹಾಕುತ್ತಿದ್ದರು. ಅಂಥ ಲಕೋಟೆಗಳನ್ನು ಸಂಗ್ರಹಿಸುವ ಸಾಮಾನ್ಯ ವರಮಾನದವರೂ ಅನೇಕರಿದ್ದಾರೆ.

ಕೊನೆಯದು ಕತ್ತರಿಸಿದ ಸಹಿ. ಹತ್ತೊಂಬತ್ತನೆಯ ಶತಮಾನದ ಎಷ್ಟೋ ಹವ್ಯಾಸಿಗಳು ಪತ್ರದಿಂದ ಸಹಿಯನ್ನಷ್ಟೇ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿಕೊಂಡು, ಉಳಿದ ಹಾಳೆಯನ್ನು ಎಸೆದುಬಿಟ್ಟರು. ಹೆಸರು ಉಳಿಯಿತು, ಮಾತು ಹೋಯಿತು. ತಿರುಳನ್ನು ಚೆಲ್ಲಿ ಸಿಪ್ಪೆಯನ್ನು ಪೆಟ್ಟಿಗೆಯಲ್ಲಿಟ್ಟಂತೆ ಆಯಿತು. ಹೀಗೆ ಕಳೆದುಹೋದ ಚರಿತ್ರೆ ಎಷ್ಟೆಂದು ಈಗ ಯಾರೂ ಲೆಕ್ಕ ಹಾಕಲಾರರು.

ಮಾತು ಉಳಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ನಿದರ್ಶನ ನೋಡೋಣ. ಬೆಂಜಮಿನ್ ಬ್ಯಾನೆಕರ್ ಎಂಬುವರು ಮೇರಿಲ್ಯಾಂಡಿನ ಸ್ವತಂತ್ರ ಕಪ್ಪು ಜನಾಂಗದ ರೈತ; ತಾವಾಗಿಯೇ ಖಗೋಳಗಣಿತವನ್ನು ಕಲಿತು ಪಂಚಾಂಗ ರಚಿಸಿದವರು. 1791ರ ಆಗಸ್ಟ್ 19ರಂದು ಅವರು ಆಗ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಥಾಮಸ್ ಜೆಫರ್ಸನ್ನರಿಗೆ ತಮ್ಮ ಪಂಚಾಂಗದ ಹಸ್ತಪ್ರತಿಯೊಡನೆ ಒಂದು ದೀರ್ಘ ಪತ್ರ ಬರೆದರು. ಮಾನವರೆಲ್ಲ ಸಮಾನರೆಂದು ಘೋಷಣೆಯಲ್ಲಿ ಬರೆದ ಕೈಯೇ ತಮ್ಮ ಜನರನ್ನು ದಾಸ್ಯದಲ್ಲಿ ಇಟ್ಟುಕೊಂಡಿರುವುದು ಹೇಗೆ ಎಂದು ವಿನಯದಿಂದ, ಆದರೆ ಅಂಜದೆ ಪ್ರಶ್ನಿಸಿದರು. ಜೆಫರ್ಸನ್ನರು ಆಗಸ್ಟ್ 30ರಂದು ಸೌಜನ್ಯದಿಂದ ಉತ್ತರಿಸಿ, ಪಂಚಾಂಗವನ್ನು ಪ್ಯಾರಿಸ್ಸಿನ ವಿದ್ವಾಂಸರಿಗೆ ಕಳುಹಿಸುತ್ತಿರುವುದಾಗಿ ಮೆಚ್ಚಿ ಬರೆದರು. ಆದರೆ ಬ್ಯಾನೆಕರ್ ತೀರಿಕೊಂಡ ನಂತರ, 1809ರಲ್ಲಿ ಗೆಳೆಯ ಜೋಯೆಲ್ ಬಾರ್ಲೋ ಅವರಿಗೆ ಬರೆದ ಪತ್ರದಲ್ಲಿ ಅದೇ ಜೆಫರ್ಸನ್ನರು ಬ್ಯಾನೆಕರರ ಬುದ್ಧಿಶಕ್ತಿ ತೀರ ಸಾಧಾರಣವಾದುದೆಂದು ಹಗುರವಾಗಿ ಮಾತನಾಡಿದರು. ತಮ್ಮ ಜೀವಿತಾವಧಿಯಲ್ಲಿ ಆರು ನೂರಕ್ಕೂ ಹೆಚ್ಚು ಮಂದಿಯನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದ ಅವರು ಬಿಡುಗಡೆ ಮಾಡಿದ್ದು ಬೆರಳೆಣಿಕೆಯಷ್ಟು ಜನರನ್ನು.

ಎರಡು ಪತ್ರ, ಒಂದೇ ಸಹಿ. ಒಂದರಲ್ಲಿ ಸಭೆಗೆ ಕಾಣುವ ಮುಖ, ಇನ್ನೊಂದರಲ್ಲಿ ಗೆಳೆಯನಿಗೆ ತೋರಿದ ಮನಸ್ಸು. ಇವೆರಡರಲ್ಲಿ ಒಂದು ಕಳೆದುಹೋಗಿದ್ದರೂ ನಮಗೆ ಅರ್ಧ ಜೆಫರ್ಸನ್ನರಷ್ಟೇ ಸಿಕ್ಕುತ್ತಿದ್ದರು. ದೊಡ್ಡವರ ಪತ್ರಗಳನ್ನು ಕಾಯುವುದೆಂದರೆ ಅವರನ್ನು ಪೂಜಿಸುವುದಲ್ಲ, ಅವರನ್ನು ಪೂರ್ತಿಯಾಗಿ ಅರಿಯುವುದು.

ಹೆಸರು ಒಬ್ಬರದು, ಕೈ ಇನ್ನೊಬ್ಬರದು

ಸಹಿಯೇ ಸಾಕ್ಷಿಯೆಂದಾದ ಮೇಲೆ ಆ ಸಹಿ ನಿಜವಾದುದೇ ಎಂಬ ಪ್ರಶ್ನೆ ಬರಲೇಬೇಕು. ಸರ್ಕಾರಿ ಜಮೀನನ್ನು ಜನರಿಗೆ ಬಿಟ್ಟುಕೊಡುವ ಪತ್ರಗಳಿಗೆಲ್ಲ ಮೊದಲು ಅಧ್ಯಕ್ಷರೇ ಸಹಿ ಹಾಕಬೇಕಾಗಿತ್ತು. ಅವುಗಳ ರಾಶಿ ಬೆಳೆದು ನಿಭಾಯಿಸಲು ಆಗದಂತಾದಾಗ, 1833ರಲ್ಲಿ ಕಾನೂನು ತಂದು ಕಾರ್ಯದರ್ಶಿಯೊಬ್ಬರು ಅಧ್ಯಕ್ಷರ ಹೆಸರನ್ನು ಬರೆಯಲು ಅವಕಾಶ ಮಾಡಿಕೊಡಲಾಯಿತು. ಆಗ ಅಧ್ಯಕ್ಷರಾಗಿದ್ದವರು ಆಂಡ್ರೂ ಜಾಕ್ಸನ್. ಆದುದರಿಂದ ಆ ಬಳಿಕದ ಜಮೀನು ಪತ್ರವೊಂದು ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕು, ಅದರ ಮೇಲೆ ಅಧ್ಯಕ್ಷರ ಹೆಸರು ಕಂಡು ಹಿಗ್ಗಿದವರು ಎಷ್ಟೋ ಮಂದಿ ನಿರಾಶರಾಗಿದ್ದಾರೆ.

ಇಪ್ಪತ್ತನೆಯ ಶತಮಾನದಲ್ಲಿ ಯಂತ್ರವೇ ಸಹಿ ಹಾಕತೊಡಗಿತು. ಒಮ್ಮೆ ಅಚ್ಚು ಮಾಡಿಕೊಟ್ಟರೆ ಆಟೋಪೆನ್ ಎಂಬ ಈ ಯಂತ್ರ ನಿಜವಾದ ಲೇಖನಿಯಿಂದಲೇ ಸಾವಿರಾರು ಸಹಿಗಳನ್ನು ಬರೆಯಬಲ್ಲದು. ಜಾನ್ ಕೆನಡಿಯವರು ಇದನ್ನು ಬಹಳವಾಗಿ ಬಳಸಿದರು. ಚಾರ್ಲ್ಸ್ ಹ್ಯಾಮಿಲ್ಟನ್ ಎಂಬ ತಜ್ಞರು 1965ರಲ್ಲಿ ಇದರ ಬಗೆಗೇ ಒಂದು ಪುಸ್ತಕ ಬರೆದು ಅದನ್ನು ಗುರುತಿಸುವ ಬಗೆಯನ್ನು ತೋರಿಸಿದರು. ಗುರುತು ಸರಳವಾದುದು: ಮನುಷ್ಯನ ಎರಡು ಸಹಿಗಳು ಎಂದಿಗೂ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂಡುವುದಿಲ್ಲ. ಹಾಗೆ ಕೂಡಿದವೆಂದರೆ ಅದು ಯಂತ್ರದ ಕೆಲಸ. ತಪ್ಪಿಲ್ಲದಿರುವುದೇ ಇಲ್ಲಿ ಸುಳ್ಳಿನ ಲಕ್ಷಣ!

ಖೋಟಾ ಬರಹದ ಕಸುಬು

ಬೆಲೆ ಬಂದಲ್ಲಿ ಮೋಸವೂ ಬರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ರಾಬರ್ಟ್ ಸ್ಪ್ರಿಂಗ್ ಎಂಬ ಇಂಗ್ಲಿಷ್ ಮೂಲದ ಪುಸ್ತಕ ವ್ಯಾಪಾರಿ ಫಿಲಡೆಲ್ಫಿಯಾದಲ್ಲಿ ವಾಷಿಂಗ್ಟನ್ನರ ಬರಹವನ್ನು ಅನುಕರಿಸಿ ರಹದಾರಿ ಪತ್ರಗಳನ್ನೂ ಚೆಕ್ಕುಗಳನ್ನೂ ತಯಾರಿಸಿ ಮಾರಿದನು. ಕೊನೆಗೆ 1876ರಲ್ಲಿ ಬಡತನದಲ್ಲಿಯೇ ಸತ್ತನು. ಇಪ್ಪತ್ತನೆಯ ಶತಮಾನದ ಜೋಸೆಫ್ ಕೋಸಿ ಲಿಂಕನ್, ಫ್ರಾಂಕ್ಲಿನ್ ಮೊದಲಾದವರ ಕೈಬರಹವನ್ನು ನುರಿತವರೂ ಏಮಾರುವಂತೆ ಬರೆದನು. ಲಿಂಕನ್ನರ ಸಹಿಯಲ್ಲಿ ಅಕ್ಷರಗಳು ಸಮರೇಖೆಯಲ್ಲಿ ಇರುವುದಿಲ್ಲ. ಮೆಟ್ಟಿಲು ಹತ್ತಿದಂತೆ ಮೇಲೇರುತ್ತವೆ. ಕೋಸಿ ಅವುಗಳನ್ನು ಒಂದೇ ಸಮದಲ್ಲಿ ಬರೆಯುತ್ತಿದ್ದನು. ಲಿಂಕನ್ನರು ಪತ್ರಗಳಲ್ಲಿ ‘ಎ. ಲಿಂಕನ್’ ಎಂದೂ, ಸರ್ಕಾರಿ ದಸ್ತಾವೇಜುಗಳಲ್ಲಿ ಪೂರ್ಣ ಹೆಸರನ್ನೂ ಬರೆಯುವುದು ರೂಢಿ. ಇದೂ ಪರೀಕ್ಷಕರಿಗೆ ಒಂದು ಸುಳಿವು.

ಮಸಿ ಮತ್ತು ಕಾಗದಗಳೂ ಸಾಕ್ಷಿ ಹೇಳುತ್ತವೆ. ಆ ಕಾಲದ ಮಸಿಯನ್ನು ಮಾಚಿಕಾಯಿ, ಅನ್ನಭೇದಿ ಮತ್ತು ಗೋಂದುಗಳಿಂದ ಮಾಡುತ್ತಿದ್ದರು. ಮಾಚಿಕಾಯಿಯನ್ನು ನಮ್ಮ ಮನೆಗಳ ಹಿರಿಯರು ಔಷಧಿಗೆ ಬಳಸಿದ್ದನ್ನು ಓದುಗರು ಕಂಡಿರಬಹುದು. ಈ ಮಸಿ ಬರೆದಾಗ ಕಪ್ಪಾಗುತ್ತದೆ, ಕಾಲ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ, ಕಾಗದವನ್ನು ಮೆಲ್ಲನೆ ತಿನ್ನುತ್ತಲೂ ಹೋಗುತ್ತದೆ. ಹಳೆಯ ಕಾಗದ ಚಿಂದಿ ಬಟ್ಟೆಯಿಂದ ಮಾಡಿದ್ದು. ಮರದ ತಿರುಳಿನ ಕಾಗದ ಬಳಕೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಈಚೆಗೆ. ಮರದ ತಿರುಳಿನ ಹಾಳೆಯ ಮೇಲೆ ವಾಷಿಂಗ್ಟನ್ನರ ಸಹಿ ಕಂಡರೆ ಮುಂದೆ ವಿಚಾರಿಸಬೇಕಾದುದೇ ಇಲ್ಲ.

ಮೋಸದ ಉದ್ದೇಶವಿಲ್ಲದ ನಕಲುಗಳೂ ಜನರನ್ನು ದಾರಿ ತಪ್ಪಿಸುತ್ತವೆ. 1864ರ ನವೆಂಬರ್ 21ರಂದು ಬಾಸ್ಟನ್ನಿನ ಲಿಡಿಯಾ ಬಿಕ್ಸ್‌ಬಿ ಎಂಬ ವಿಧವೆಗೆ, ಯುದ್ಧದಲ್ಲಿ ಐವರು ಮಕ್ಕಳನ್ನು ಕಳೆದುಕೊಂಡವಳೆಂಬ ವರದಿಯ ಮೇಲೆ, ಲಿಂಕನ್ನರ ಹೆಸರಿನಲ್ಲಿ ಹೋದ ಸಾಂತ್ವನ ಪತ್ರ ಜಗತ್ಪ್ರಸಿದ್ಧವಾದುದು. ಯುದ್ಧದಲ್ಲಿ ಮಡಿದವರು ಇಬ್ಬರೆಂದು ಆಮೇಲೆ ತಿಳಿದುಬಂತು. ಪತ್ರವನ್ನು ರಚಿಸಿದವರು ಲಿಂಕನ್ನರೋ ಅವರ ಕಾರ್ಯದರ್ಶಿ ಜಾನ್ ಹೇ ಅವರೋ ಎಂಬ ವಾದವೂ ಇದೆ. ಮೂಲಪ್ರತಿ ಎಲ್ಲಿಯೂ ಸಿಕ್ಕಿಲ್ಲ. ಆದರೆ 1891ರಿಂದ ಈಚೆಗೆ ಅಚ್ಚಾಗಿ ಮಾರಾಟವಾದ ಅದರ ಪ್ರತಿಕೃತಿಗಳು ಮನೆ ಮನೆಯಲ್ಲಿ ಗೋಡೆಯೇರಿದವು. ಅವುಗಳಲ್ಲಿ ಒಂದನ್ನು ಮೂಲವೆಂದೇ ನಂಬಿ ಸಂಭ್ರಮಿಸುವವರಿಗೆ ಕೊರತೆಯಿಲ್ಲ.

ಕಾಯುವ ಕೈ, ಕದಿಯುವ ಕೈ

ಖೋಟಾ ಮಾಡುವವನು ಇಲ್ಲದ್ದನ್ನು ಸೃಷ್ಟಿಸುತ್ತಾನೆ. ಅವನಿಗಿಂತ ಕೆಟ್ಟವನು ಇರುವುದನ್ನು ಮರೆಮಾಡುವ ಕಳ್ಳ. 2011ರ ಜುಲೈನಲ್ಲಿ ಬಾಲ್ಟಿಮೋರ್ ನಗರದ ಇತಿಹಾಸ ಸಂಸ್ಥೆಯೊಂದರಲ್ಲಿ ಇಬ್ಬರು ಸಿಕ್ಕಿಬಿದ್ದರು. ಅವರಲ್ಲಿ ಹಿರಿಯನು ಅಧ್ಯಕ್ಷರ ಚರಿತ್ರೆಯ ಪರಿಣತನೆಂದು ಹೆಸರು ಮಾಡಿಕೊಂಡಿದ್ದವನು. ಸಿಬ್ಬಂದಿಗೆ ಸಿಹಿ ತಿನಿಸು ತಂದುಕೊಟ್ಟು ವಿಶ್ವಾಸ ಗಳಿಸಿ, ಕೋಟಿನೊಳಗೆ ಹೊಲಿಸಿಕೊಂಡಿದ್ದ ಗುಪ್ತ ಜೇಬಿಗೆ ಪತ್ರಗಳನ್ನು ಇಳಿಸುತ್ತಿದ್ದರು. ಅವನ ಮನೆಯಲ್ಲಿ ಸಾವಿರಾರು ಕಾಗದಗಳು ಸಿಕ್ಕವು. 2012ರಲ್ಲಿ ಅವನಿಗೆ ಏಳು ವರ್ಷಗಳ ಸೆರೆವಾಸವಾಯಿತು. ಹಣ ಮಾತ್ರವಲ್ಲ, ‘ಇದು ನನ್ನ ಬಳಿಯಿದೆ’ ಎಂಬ ಮೋಹವೂ ಮನುಷ್ಯನನ್ನು ಎಲ್ಲಿಗೆ ಇಳಿಸುತ್ತದೆ ಎಂಬುದಕ್ಕೆ ಇದೊಂದು ಪಾಠ. ಅಂದಿನಿಂದ ಬಲ್ಲ ಸಂಗ್ರಾಹಕರು ಪತ್ರದೊಡನೆ ಅದು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ವಿವರವನ್ನೂ ಇನ್ನಷ್ಟು ಒತ್ತಾಯದಿಂದ ಕೇಳುತ್ತಾರೆ.

ಹಾಗಾದರೆ ಇವು ಯಾರ ಸೊತ್ತು? ಈ ಪ್ರಶ್ನೆಗೆ ಅಲ್ಲಿನ ಮೂರು ಮನೆತನಗಳು ಮೂರು ಬಗೆಯ ಉತ್ತರ ಕೊಟ್ಟಿವೆ. ವಾಷಿಂಗ್ಟನ್ನರು ತೀರಿಕೊಂಡ ಮೇಲೆ ಅವರ ಪತ್ನಿ ಮಾರ್ಥಾ ಅವರು ತಮ್ಮಿಬ್ಬರ ನಡುವಿನ ಪತ್ರಗಳನ್ನು ಸುಟ್ಟುಹಾಕಿದರು. ಗಂಡ ಹೆಂಡಿರ ಮಾತು ಅವರಿಬ್ಬರಿಗೇ ಸೇರಿದ್ದೆಂಬ ಅವರ ಭಾವನೆಯನ್ನು ಯಾರು ತಪ್ಪೆನ್ನಬಲ್ಲರು? ಆದರೂ 1775ರ ಜೂನಿನಲ್ಲಿ, ಸೇನಾಧಿಪತ್ಯ ವಹಿಸಿಕೊಂಡ ಸಂದರ್ಭದಲ್ಲಿ ಗಂಡ ಬರೆದ ಎರಡು ಪತ್ರಗಳು ಅವರ ಬರೆಯುವ ಮೇಜಿನೊಳಗೆ ಉಳಿದು, ಮೊಮ್ಮಗಳ ಕೈ ಸೇರಿದವು.

ಆಡಮ್ಸ್ ಮನೆತನದ ಹಾದಿ ಬೇರೆ. ಎರಡನೆಯ ಅಧ್ಯಕ್ಷ ಜಾನ್ ಆಡಮ್ಸ್ ಮತ್ತು ಪತ್ನಿ ಅಬಿಗೇಲ್ ಪರಸ್ಪರ ಬರೆದುಕೊಂಡ 1100ಕ್ಕೂ ಹೆಚ್ಚು ಪತ್ರಗಳು ತಲೆಮಾರುಗಳವರೆಗೆ ಮನೆಯಲ್ಲಿ ಭದ್ರವಾಗಿದ್ದವು. 1956ರಲ್ಲಿ ಆ ವಂಶದವರು ಅವೆಲ್ಲವನ್ನೂ ಮ್ಯಾಸಚೂಸೆಟ್ಸ್ ಇತಿಹಾಸ ಸಂಸ್ಥೆಗೆ ಒಪ್ಪಿಸಿದರು. ಹರಾಜಿಗಿಟ್ಟಿದ್ದರೆ ಬರಬಹುದಾಗಿದ್ದ ಹಣಕ್ಕೆ ಲೆಕ್ಕವಿರಲಿಲ್ಲ.

ಲಿಂಕನ್ನರ ಮಗ ರಾಬರ್ಟ್ ನಡುದಾರಿ ಹಿಡಿದರು. ತಂದೆಯ ಕಾಗದಗಳನ್ನು ರಾಷ್ಟ್ರದ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಕೊಟ್ಟರು. ಆದರೆ ತಾವು ಸತ್ತು 21 ವರ್ಷಗಳಾಗುವವರೆಗೆ ತೆರೆಯಕೂಡದೆಂದು ಕಟ್ಟು ಮಾಡಿದರು. ಅದರಂತೆ 1947ರ ಜುಲೈ 26ರಂದು ಅವು ಲೋಕಕ್ಕೆ ತೆರೆದುಕೊಂಡವು. ಮುಂದೆ 1978ರ ಕಾನೂನು ಅಧ್ಯಕ್ಷರ ಅಧಿಕೃತ ದಾಖಲೆಗಳು ವ್ಯಕ್ತಿಯ ಸೊತ್ತಲ್ಲ, ರಾಷ್ಟ್ರದ ಸೊತ್ತು ಎಂದು ಸಾರಿತು.

ಈ ಎಲ್ಲವನ್ನೂ ಕೂಡಿಸಿ ನೋಡಿದಾಗ ನಮಗೆ ತೋರುವುದಿಷ್ಟು. ಕಾಗದವನ್ನು ಕೊಂಡುಕೊಳ್ಳಬಹುದು; ಅದರ ಸಾಕ್ಷ್ಯವನ್ನು ಕೊಂಡುಕೊಳ್ಳಲಾಗದು. ಸಂಗ್ರಾಹಕನು ಒಡೆಯನಲ್ಲ, ತನ್ನ ಪಾಲಿನ ದಿನಗಳಲ್ಲಿ ಅದನ್ನು ಕಾದುಕೊಂಡು ಮುಂದಿನವರಿಗೆ ಒಪ್ಪಿಸುವ ಧರ್ಮದರ್ಶಿ. ಇದನ್ನು ಅರಿತವನ ಹವ್ಯಾಸ ಸೇವೆಯಾಗುತ್ತದೆ, ಅರಿಯದವನದು ಬರಿಯ ದಾಸ್ತಾನು.

ನಮ್ಮ ಪೆಟ್ಟಿಗೆಯ ಕಡೆಗೊಮ್ಮೆ

ಪತ್ರಗಳನ್ನು ಕಾಪಾಡಲು ಅನುಭವಿಗಳು ಹೇಳುವ ನಿಯಮಗಳು ಸರಳವಾಗಿವೆ. ಬಿಸಿಲು ತಾಕದ, ತೇವವಿಲ್ಲದ ಕಡೆ ಇಡಬೇಕು. ಹರಿದಲ್ಲಿ ಅಂಟುಪಟ್ಟಿ ಹಚ್ಚಬಾರದು, ಪ್ಲಾಸ್ಟಿಕ್ ಹಾಳೆಯ ನಡುವೆ ಬಿಸಿಯಿಂದ ಲ್ಯಾಮಿನೇಷನ್ ಮಾಡಿಸಬಾರದು. ಗುಂಡುಸೂಜಿ, ಕ್ಲಿಪ್ಪುಗಳನ್ನು ತೆಗೆದು, ಮಡಿಕೆ ಬಿಡಿಸಿ, ಆಮ್ಲವಿಲ್ಲದ ಕಾಗದದ ಹೊದಿಕೆಯಲ್ಲಿ ಹಾಸಿ ಇಡಬೇಕು. ಯಾರು ಯಾರಿಗೆ, ಎಂದು ಬರೆದದ್ದು ಎಂಬುದನ್ನು ಪತ್ರದ ಮೇಲಲ್ಲ, ಹೊದಿಕೆಯ ಮೇಲೆ ಪೆನ್ಸಿಲ್ಲಿನಿಂದ ಬರೆದಿಡಬೇಕು.

ವಾಷಿಂಗ್ಟನ್, ಲಿಂಕನ್ನರ ಪತ್ರಗಳು ನಮಗೆ ದಕ್ಕುವುದಿಲ್ಲ, ದಕ್ಕಬೇಕಾಗಿಯೂ ಇಲ್ಲ. ಆದರೆ ಈ ನಿಯಮಗಳು ನಮ್ಮ ಮನೆಯ ಟ್ರಂಕಿನಲ್ಲಿ ತಾತ ಮುತ್ತಾತಂದಿರು ಬರೆದ ಕಾರ್ಡು, ಇನ್‌ಲ್ಯಾಂಡ್ ಪತ್ರಗಳಿಗೂ ಸಲ್ಲುತ್ತವೆ. ಅವುಗಳಿಗೆ ಹರಾಜಿನಲ್ಲಿ ಬೆಲೆ ಬಾರದು. ಮನೆಯ ಮಟ್ಟಿಗೆ ಅವೂ ಸಾಕ್ಷಿಗಳೇ.

ಕಾಂಕರ್ಡಿನ ಆ 195 ಮಕ್ಕಳು ಲಿಂಕನ್ನರ ಸಹಿ ಬೇಕೆಂದು ಬರೆಯಲಿಲ್ಲ. ಕಾಣದ ಮಕ್ಕಳ ಬಿಡುಗಡೆಗಾಗಿ ಬರೆದರು. ಉತ್ತರ ಬಂತು, ಅದರೊಡನೆ ಸಹಿಯೂ ಬಂತು. ಒಳ್ಳೆಯ ಕಾರಣಕ್ಕಾಗಿ ಬರೆದ ಕಾಗದವನ್ನು ಕಾಲವೂ ಕಾಪಾಡುತ್ತದೆ. ನಮ್ಮ ಮಕ್ಕಳ ಕೈಗೆ ಲೇಖನಿ ಕೊಡುವಾಗ ಈ ಮಾತು ನಮ್ಮ ನೆನಪಿನಲ್ಲಿರಲಿ.